ತುಂಬದೆ ಬಿಡದ ದೋಣಿ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಟೆಂಪೊ ಬಿಡುತ್ತಿದ್ದವರಿಗೆಲ್ಲ ಒಂದು ರೋಗವಿತ್ತು. ಸೀಟು ತುಂಬದೆ ಅವರ ಕೈ ಗೇರಿಗೆ ಹೋಗುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿ ಎರಡಡಿ ಮುಂದಕ್ಕೆ ಬಿಡುವುದು, ಮತ್ತೆ ಎರಡಡಿ ಹಿಂದಕ್ಕೆ ತರುವುದು. ಒಳಗೆ ಕುಳಿತವರಿಗೆ ಹೊರಟೆವು ಅನ್ನಿಸಬೇಕು, ಹೊರಗೆ ನಿಂತವರಿಗೆ ತಪ್ಪಿಹೋಗುತ್ತದೆ ಅನ್ನಿಸಬೇಕು, ಗಾಡಿ ಮಾತ್ರ ಇದ್ದಲ್ಲೇ ಇರಬೇಕು. ಈ ವಿದ್ಯೆಯಲ್ಲಿ ನನ್ನ ಬಾಮೈದನನ್ನು ಮೀರಿಸುವವರು ಆ ಸ್ಟ್ಯಾಂಡಿನಲ್ಲಿ ಇರಲಿಲ್ಲ. ಹರದನಹಳ್ಳಿಯವನು, ನನ್ನ ಹೆಂಡತಿಗೆ ಒಬ್ಬನೇ ತಮ್ಮ.

ಕೂತವರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಕಡಲೆಕಾಯಿ ಬಿಡಿಸುತ್ತಿದ್ದರು, ಹೂವು ಕಟ್ಟುತ್ತಿದ್ದರು. ಹೊರಡುತ್ತೇನೆ ಅಂತ ಇವನು ನಿಜವಾಗಿಯೇ ಹೊರಟರೆ ಒಳಗಿನಿಂದಲೇ ಒಬ್ಬಳು ಕೂಗುವಳು: "ತಡಿ ಕಣಣ್ಣ, ನಮ್ಮತ್ತೆ ಮಾತ್ರೆ ತರಕ್ಕೋಗವ್ಳೆ." ಇವನು ತಡೆಯುವನು. ತೆರಕಣಾಂಬಿ ದಾಟಿದ ಮೇಲೆ ಯಾರೋ ದೂರದ ಹೊಲದ ಬದುವಿನ ಮೇಲೆ ಓಡಿ ಬರುತ್ತಾ ಕೈ ಎತ್ತಿದರೆ ಸಾಕು, ಗಾಡಿ ರಿವರ್ಸ್ ಬರುತ್ತಿತ್ತು. ಅದಕ್ಕೇ ಅವನ ಟೆಂಪೊ ಅಂದರೆ ಜನಕ್ಕೆ ಅಕ್ಕರೆ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಆ ಅಕ್ಕರೆ ಎರಡೇ ತಿಂಗಳಲ್ಲಿ ಇಳಿಯಿತು. ಅವರ ತಪ್ಪಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ. ಟೆಂಪೊ ಬೆಳಿಗ್ಗೆಯಿಂದ ನಿಂತರೂ ತುಂಬುತ್ತಿರಲಿಲ್ಲ. ಇವನು ಸ್ಟೇರಿಂಗ್ ಹಿಡಿದು ಹಾಗೇ ಕೂತಿರುತ್ತಿದ್ದ. ಕೊನೆಗೆ ಗಾಡಿ ಮಾರಿ ಮನೆಯಲ್ಲಿ ಕುಳಿತ. ಗೇಣುದ್ದ ಜಮೀನು ಇಲ್ಲದವನು, ಕೂಲಿಗೆ ಹೋಗಿ ಅಭ್ಯಾಸವಿಲ್ಲದವನು. ನನ್ನ ಹೆಂಡತಿ ಊಟಕ್ಕೆ ಬಡಿಸುವಾಗೆಲ್ಲ ಅದೇ ಮಾತು.

"ಊರೋರ್ಗೆಲ್ಲಾ ಬುದ್ಧಿ ಯೋಳ್ತೀರಿ. ನನ್ ತಮ್ಮಂಗೊಂದು ದಾರಿ ತೋರ್ಸಕಾಯ್ತಿಲ್ವಾ?"

ಬುದ್ಧಿ ಹೇಳುವುದು ನನಗೆ ಊಟಕ್ಕಿಂತ ಇಷ್ಟ, ಅದನ್ನು ಮುಚ್ಚಿಡುವುದೇಕೆ. ತೆರಕಣಾಂಬಿ ಮಾರುಕಟ್ಟೆಯಲ್ಲಿ ಮಂಕರಿ ಹೊತ್ತು ಶುರು ಮಾಡಿದವನು ನಾನು. ಇವತ್ತು ಗುಂಡ್ಲುಪೇಟೆಯಿಂದ ನನ್ನ ಹೆಸರಲ್ಲಿ ಬೀನ್ಸು, ಟೊಮೆಟೊ, ಎಲೆಕೋಸು ಕಾಡು ದಾಟಿ ಘಟ್ಟ ಇಳಿದು ಕೇರಳಕ್ಕೆ ಹೋಗುತ್ತದೆ. ಈ ವ್ಯಾಪಾರ ನನಗೆ ಕಲಿಸಿದ್ದು ಒಂದೇ: ಕಾಡಿನ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಲೋಡು ಅರ್ಧವೇ ಆಗಿರಲಿ, ಹೊರಡಬೇಕು. ತುಂಬಲಿ ಅಂತ ಕಾದವನ ಟೊಮೆಟೊ ಗೇಟಿನ ಈಚೆಯೇ ಕೊಳೆಯುತ್ತದೆ.

ಘಟ್ಟದ ಕೆಳಗೆ ನಾನು ಮಾಲು ಹಾಕುವ ಊರು ಹೊಳೆಯ ಎರಡು ದಡಕ್ಕೂ ಹರಡಿಕೊಂಡಿದೆ. ಆಫೀಸು, ಆಸ್ಪತ್ರೆ, ಜವಳಿ ಅಂಗಡಿಗಳೆಲ್ಲ ಒಂದು ದಡದಲ್ಲಿ, ಕೆಲಸಕ್ಕೆ ಬರುವವರ ಮನೆಗಳು ಇನ್ನೊಂದು ದಡದಲ್ಲಿ. ನಡುವೆ ಒಂದೇ ಸೇತುವೆ. ಬೆಳಗಾದರೆ ಅದರ ಮೇಲೆ ಬಸ್ಸು, ಕಾರು, ಸ್ಕೂಟರು, ನನ್ನ ಲಾರಿ ಎಲ್ಲ ಒಂದಕ್ಕೊಂದು ಮೂಗು ತಾಗಿಸಿ ನಿಂತಿರುತ್ತವೆ. ಕೆಳಗೆ ಹೊಳೆ ಹಾಸಿಟ್ಟ ಚಾಪೆಯ ಹಾಗೆ ಖಾಲಿ. ಮೊದಲ ಸಲ ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯಿತು. ನಮ್ಮ ಕಡೆ ಹೊಳೆ ಅಂದರೆ ವರ್ಷದ ಹೆಚ್ಚು ಪಾಲು ಮರಳು. ಇಲ್ಲಿ ಇಷ್ಟು ನೀರಿದೆ, ರಸ್ತೆ ಹಾಕುವ ಖರ್ಚಿಲ್ಲ, ಗುಂಡಿ ಬೀಳುವುದಿಲ್ಲ, ಯಾರೂ ಬಳಸುತ್ತಿಲ್ಲ.

ಅಲ್ಲಿ ನನ್ನಿಂದ ತರಕಾರಿ ತೆಗೆದುಕೊಳ್ಳುವ ಒಬ್ಬ ವ್ಯಾಪಾರಿ ಪುರಸಭೆಯಿಂದ ಎರಡು ದಡದ ದೋಣಿಕಟ್ಟೆಯನ್ನೂ ವರ್ಷದ ಗುತ್ತಿಗೆಗೆ ಹಿಡಿದಿದ್ದ. ಒಂದು ಮೋಟಾರು ದೋಣಿಯೂ ಇತ್ತು. ಓಡಿಸಲು ಲೈಸೆನ್ಸು ಇದ್ದ ಮುದುಕ ಡ್ರೈವರೂ ಇದ್ದ. ನಿಂತು ಜನ ಹತ್ತಿಸಿ ಇಳಿಸಿ ನಡೆಸಿಕೊಂಡು ಹೋಗುವವರು ಇರಲಿಲ್ಲ. ನನ್ನ ತಲೆ ಓಡಿತು.

ಆದರೂ ನಾನು ಕಣ್ಣು ಮುಚ್ಚಿ ಮಾಲು ಎತ್ತುವವನಲ್ಲ. ದೋಣಿ ಮಾಡುವೆನೆಂದು ಯಾರಾದರೂ ನನ್ನ ಹತ್ತಿರ ಬಂದರೆ ಇವತ್ತಿಗೂ ಇದನ್ನೇ ಹೇಳುತ್ತೇನೆ. ಹೊಳೆ ಎಷ್ಟು ಅಗಲ, ದೋಣಿ ಎಷ್ಟು ಬೇಗ ದಾಟುತ್ತದೆ ಅಂತ ನೋಡಿ ಮರುಳಾಗಬೇಡಿ. ಇಳಿದ ಮೇಲೆ ಕೆಲಸದ ಬಾಗಿಲಿಗೆ ಎಷ್ಟು ನಡೆಯಬೇಕು ಅಂತ ನೀವೇ ನಡೆದು ನೋಡಿ. ಸೀರೆ ಉಟ್ಟವರು ಮಳೆಯಲ್ಲಿ ಆ ಮೆಟ್ಟಿಲು ಹತ್ತಬಲ್ಲರೋ ನೋಡಿ. ನೀರಿನ ಮೇಲೆ ಉಳಿಸಿದ ಹೊತ್ತು ಇಳಿದು ಆಟೊ ಹುಡುಕುವುದರಲ್ಲಿ ಹೋದರೆ ಆ ದೋಣಿ ಬರೀ ನೋಟಕ್ಕೆ. ನಾನು ನಡೆದೆ. ಆಫೀಸಿನ ದಡದ ದೋಣಿಕಟ್ಟೆಯಿಂದ ದೊಡ್ಡ ಆಸ್ಪತ್ರೆ ಒಂದು ಬೀದಿ ಆಚೆ, ಜವಳಿ ಅಂಗಡಿಗಳು ಮಗ್ಗುಲಲ್ಲೇ. ಲೆಕ್ಕ ಸರಿಯಾಗಿತ್ತು. ಬಾಮೈದನನ್ನು ಲಾರಿಯಲ್ಲಿ ಕೂರಿಸಿ ಕರೆದುಕೊಂಡು ಹೋದೆ. ಟೆಂಪೊ ಮಾರಿ ಉಳಿದದ್ದನ್ನು ಅವನು ಆ ಗುತ್ತಿಗೆಯಲ್ಲಿ ಪಾಲಿಗೆ ಹಾಕಿದ. ದೋಣಿ ನಡೆದರೆ ಅವನ ಮನೆ ನಡೆಯುತ್ತದೆ, ನಿಂತರೆ ಅವನ ಹತ್ತಿರ ಇನ್ನೇನೂ ಇಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಶುರುವಿನಲ್ಲಿ ಚೆನ್ನಾಗಿ ನಡೆಯಿತು. ಬೆಳಿಗ್ಗೆ ನರ್ಸುಗಳು, ಜವಳಿ ಅಂಗಡಿಯ ಹುಡುಗಿಯರು, ಕೋರ್ಟಿನ ಗುಮಾಸ್ತರು ಸಾಲಾಗಿ ಬರುತ್ತಿದ್ದರು. ಸೇತುವೆಯ ಮೇಲೆ ನಿಂತ ಬಸ್ಸುಗಳನ್ನು ಕೆಳಗಿನಿಂದ ನೋಡಿ ನಗುತ್ತಾ ದಾಟುತ್ತಿದ್ದರು. ಹಗ್ಗ ಬಿಚ್ಚಿ "ರೈಟ್" ಅನ್ನುವುದು ಬಾಮೈದನ ಕೆಲಸ. ಅವನು ಅಂದ ಮೇಲೇ ಮುದುಕ ಡ್ರೈವರು ಎಂಜಿನ್ ಏರಿಸುತ್ತಿದ್ದ. ಫೋನಿನಲ್ಲಿ ಅಕ್ಕನಿಗೆ, "ಅಕ್ಕ, ಇಲ್ಲಿ ಪಂಕ್ಚರ್ ಇಲ್ಲ, ಪೊಲೀಸಿಲ್ಲ, ಹಂಪ್ ಇಲ್ಲ ಕಣಕ್ಕ" ಅಂದನಂತೆ. ನನ್ನ ಹೆಂಡತಿ ಅವತ್ತು ಪಾಯಸ ಮಾಡಿದ್ದಳು.

ಮಳೆಗಾಲ ಹಿಡಿದು ಜನ ಕೊಂಚ ಇಳಿದರು. ಅದು ಎಲ್ಲ ವ್ಯಾಪಾರಕ್ಕೂ ಇರುವಂಥದೇ. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮಾಲು ಇಳಿಸಿ ನಾನು ಮನೆಗಳ ದಡದ ದೋಣಿಕಟ್ಟೆಗೆ ಹೋದೆ. ಎಂಟೂವರೆಯ ದೋಣಿ. ಅರ್ಧಕ್ಕರ್ಧ ಜನ ಕೂತಿದ್ದರು. ಎಂಟೂವರೆ ಆಗಿಹೋಗಿತ್ತು. ಬಾಮೈದ ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದು, ರಸ್ತೆಯ ಕಡೆ ಕತ್ತು ಚಾಚಿ ನಿಂತಿದ್ದ. ದೋಣಿ ದಡದಿಂದ ಒಂದು ಮೊಳ ದೂರ ಸರಿಯುತ್ತಿತ್ತು. ಇವನು ಹಗ್ಗ ಜಗ್ಗಿ ಮತ್ತೆ ದಡಕ್ಕೆ ತರುತ್ತಿದ್ದ. ನೀರಿನ ಮೇಲೆ ಅದೇ ಟೆಂಪೊ ಸ್ಟ್ಯಾಂಡು.

"ಬುಡ್ಲಾ," ಅಂದೆ.

"ಇನ್ನೊಂದ್ ನಾಕ್ ಜನ ಬರ್ಲಿ ಬಾವ."

"ಬರೋರು ಮುಂದಿನ ದೋಣೀಲಿ ಬತ್ತಾರೆ ಕಣ್ಲಾ. ಕೂತೋರ್ ಮಕ ನೋಡು."

ಕೂತವರು ಕೈಗಡಿಯಾರ ನೋಡುತ್ತಿದ್ದರು. ಇವನು ಅವರತ್ತ ಹಲ್ಲು ಬಿಟ್ಟು, ಕಲಿತ ಮಲಯಾಳದಲ್ಲಿ ಏನೋ ತಮಾಷೆ ಮಾಡಿದ. ಒಬ್ಬರೂ ನಗಲಿಲ್ಲ. ಕೊನೆಗೂ ಹೊರಟು ಹತ್ತು ಮಾರು ಹೋಗಿರಬೇಕು, ದಡದ ಮೇಲೆ ಒಬ್ಬ ಛತ್ರಿ ಬೀಸಿ ಕೂಗಿದ. ಬಾಮೈದ ಡ್ರೈವರಿಗೆ ಕೈ ತೋರಿಸಿದ. ದೋಣಿ ಅಷ್ಟು ಜನರನ್ನೂ ಹೊತ್ತು, ಸುತ್ತು ಹೊಡೆದು, ಒಬ್ಬನಿಗಾಗಿ ವಾಪಸು ಬಂತು. ಛತ್ರಿಯವನು ಹತ್ತಿ ಎಲ್ಲರಿಗೂ ಕೈ ಮುಗಿದ. ಇವನಿಗೆ ಒಂದು ಪುಣ್ಯ ಕಟ್ಟಿಕೊಂಡಷ್ಟು ಸಂತೋಷ.

ಆ ದೋಣಿಯಲ್ಲಿ ನನ್ನ ಪಕ್ಕ ಒಬ್ಬ ನರ್ಸಮ್ಮ ಕೂತಿದ್ದರು. ಮೈಸೂರಿನಲ್ಲಿ ಓದಿದವರು, ನಾವು ಆಡುವುದು ಅವರಿಗೆ ತಿಳಿಯುತ್ತಿತ್ತು. ಬಾಮೈದನನ್ನು ತಮ್ಮನ ಹಾಗೆ ಕಂಡಿದ್ದರು, ಮೊದಲ ದಿನದಿಂದ ಬರುತ್ತಿದ್ದವರು.

"ಇವರು ನಿಮ್ಮವರಾ ಚೇಟಾ?" ಅಂದರು ನನ್ನತ್ತ ನೋಡಿ. ಚೇಟಾ ಅಂದರೆ ಅವರ ಕಡೆ ಅಣ್ಣ.

"ಹೌದು, ಬಾಮೈದ."

"ಬಹಳ ಒಳ್ಳೆಯ ಮನುಷ್ಯ. ಆದರೆ ನಾನು ಹೋಗುವ ತನಕ ರಾತ್ರಿ ಡ್ಯೂಟಿಯವಳು ವಾರ್ಡು ಬಿಡುವ ಹಾಗಿಲ್ಲ. ಮನೆಯಲ್ಲಿ ಅವಳ ಮಗು ಅಳುತ್ತಾ ಇರುತ್ತದೆ. ಇವರ ಒಳ್ಳೆಯತನ ಅವಳ ಮಗುವಿನ ಮೇಲೆ ಬೀಳುತ್ತದೆ."

ದಡ ಮುಟ್ಟಿದ ಕೂಡಲೇ ಅವರು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಓಡಿದರು.

ಅವತ್ತು ಚಹಾದಂಗಡಿಯಲ್ಲಿ ಕೂರಿಸಿ ಬಾಮೈದನಿಗೆ ಹೇಳಿದ್ದು ಅಷ್ಟಿಷ್ಟಲ್ಲ.

"ಆ ಕಾಡಿನ್ ಗೇಟು ನಂಗೋಸ್ಕರ ತಡೀತದಾ? ನಾನು ಅರ್ಧ ಲೋಡಾದ್ರೂ ಬುಟ್ಟು ಬರಕಿಲ್ವಾ? ನೀನೂ ಅಂಗೇ ಬುಡು. ಯೋಳಿದ್ ಒತ್ಗೆ ಬುಡು. ನೊಣ ಕೂತಿದ್ರೂ ಬುಡು."

"ಬೀನ್ಸೇ ಬೇರೆ ಜನವೇ ಬೇರೆ ಬಾವ. ಬೀನ್ಸು ಓಡ್ಬಂದು ಕೈ ಬೀಸ್ತದಾ?"

"ನಗಾಡ್ಬೇಡ ಕಣ್ಲಾ."

"ನಗಾಡ್ತಿಲ್ಲ ಬಾವ. ಖಾಲಿ ದೋಣಿ ಬುಟ್ರೆ ನೋಡ್ದೋರು ಏನಂದ್ಕತಾರೆ? ಇವ್ನ್ ದೋಣಿನ ಯಾರೂ ಅತ್ತಕಿಲ್ಲ ಅಂತಾರೆ. ತುಂಬ್ಕಂಡೋದ್ರೆ ಇನ್ನೊಬ್ರು ಆಸೆ ಪಟ್ಟು ಬತ್ತಾರೆ. ಅಲ್ಲಿ ಓಡ್ಬರೋವ್ನ ಬುಟ್ಟೋದ್ರೆ ಅವ್ನ ಹೊಟ್ಟೆ ಉರಿ ನಮ್ಮನ್ನ ಸುಮ್ಕೆ ಬುಡ್ತದಾ?"

ಹೌದು ಹೌದು ಅಂತಲೇ ತಲೆ ಆಡಿಸಿದ. ನಾಳೆಯಿಂದ ಹಾಗೇ ಅಂದ. ಮರುದಿನವೂ ಹಗ್ಗ ಜಗ್ಗಿದ. ನನ್ನ ಅನುಭವದಲ್ಲಿ ಮನುಷ್ಯನ ಬಾಯಿ ಬೇಗ ಒಪ್ಪುತ್ತದೆ. ಕೈ ಒಪ್ಪುವುದು ಬಹಳ ನಿಧಾನ. ಇಪ್ಪತ್ತು ವರ್ಷ ಸ್ಟ್ಯಾಂಡಿನಲ್ಲಿ ಜನರನ್ನು ಎಳೆದು ಕೂರಿಸಿದ ಕೈ ಅದು. ಖಾಲಿ ಸೀಟು ಕಂಡರೆ ಅದು ಹಗ್ಗ ಬಿಡುತ್ತಿರಲಿಲ್ಲ.

ಆಮೇಲೆ ನಡೆದದ್ದು ಯಾರು ಬೇಕಾದರೂ ಊಹಿಸಬಹುದು. ಇವನು ಕಾದಷ್ಟೂ ಜನ ಕಡಿಮೆಯಾದರು. ಜನ ಕಡಿಮೆಯಾದಷ್ಟೂ ದೋಣಿ ತುಂಬಲು ಹೆಚ್ಚು ಹೊತ್ತು ಬೇಕಾಯಿತು, ಇವನು ಇನ್ನೂ ಹೆಚ್ಚು ಕಾದ. ನರ್ಸಮ್ಮ ಬಸ್ಸಿಗೆ ಮರಳಿದರು. ಅಂಗಡಿ ಹುಡುಗಿಯರು ಸೇರಿ ಒಂದು ಆಟೊ ಗೊತ್ತು ಮಾಡಿಕೊಂಡರು. ಗುಮಾಸ್ತರು ಕಂತಿನಲ್ಲಿ ಸ್ಕೂಟರು ಕೊಂಡರು. ಒಂದು ಮಾತು ನೆನಪಿಡಿ, ಸ್ಕೂಟರು ಕೊಂಡವನು ದೋಣಿಗೆ ವಾಪಸು ಬರುವುದಿಲ್ಲ. ಕಂತು ಕಟ್ಟುತ್ತಿರುವಷ್ಟು ದಿನ ಆ ಸ್ಕೂಟರು ಅವನನ್ನು ಕಟ್ಟಿಹಾಕಿರುತ್ತದೆ. ಸೇತುವೆಯ ಮೇಲೆ ಇನ್ನಷ್ಟು ಗಾಡಿಗಳಾದವು, ಇನ್ನಷ್ಟು ಹೊತ್ತು ನಿಂತವು.

ಗುತ್ತಿಗೆಯ ಅವಧಿ ಮುಗಿಯಲು ಒಂದು ತಿಂಗಳಿದೆ ಅನ್ನುವಾಗ ಬಾಮೈದನೇ ಫೋನು ಮಾಡಿದ. ದನಿ ಕುಗ್ಗಿತ್ತು. "ಬಾವ, ನೀವೇ ಬಂದು ನಿಂತ್ಕಳಿ. ನನ್ ಕೈಲಿ ಆಯ್ತಿಲ್ಲ." ನಾನು ಗುಂಡ್ಲುಪೇಟೆಯ ವ್ಯಾಪಾರವನ್ನು ಹೆಂಡತಿಗೆ ಒಪ್ಪಿಸಿ ಹೋದೆ. ಹೊರಡುವ ವೇಳೆಗಳನ್ನು ಮಲಯಾಳದಲ್ಲಿ ಬರೆಸಿ ಎರಡು ದಡದಲ್ಲೂ ಹಲಗೆ ಹಾಕಿಸಿದೆ. ಹಗ್ಗ ನನ್ನ ಕೈಗೆ ತೆಗೆದುಕೊಂಡೆ. ಬೆಳಿಗ್ಗೆ ಹೇಳಿದ ಹೊತ್ತಿಗೆ ಒಬ್ಬರೇ ಇದ್ದರೂ "ರೈಟ್" ಅಂದೆ. ಯಾರೂ ಇಲ್ಲದಿದ್ದರೂ ಅಂದೆ.

ಖಾಲಿ ದೋಣಿಯಲ್ಲಿ ಹೊಳೆ ದಾಟುವುದು ಏನು ಅಂತ ಆಗ ತಿಳಿಯಿತು. ಖಾಲಿ ಲಾರಿಯಲ್ಲಿ ಬರುವಾಗ ಹಾಗನ್ನಿಸುವುದಿಲ್ಲ, ರಸ್ತೆಯಲ್ಲಿ ಯಾರೂ ನಮ್ಮನ್ನು ನೋಡುವುದಿಲ್ಲ. ಇಲ್ಲಿ ಸೇತುವೆಯ ಮೇಲೆ ನಿಂತ ಅಷ್ಟೂ ಜನ ಮಾಡಲು ಬೇರೆ ಕೆಲಸವಿಲ್ಲದೆ ನಮ್ಮನ್ನೇ ನೋಡುತ್ತಿದ್ದರು. ಬಾಮೈದ ಬೆಂಚಿನ ಮೇಲೆ ಕೂರದೆ ಎಂಜಿನ್ ಪಕ್ಕ ಕೆಳಗೆ ಕುಕ್ಕರಗಾಲಲ್ಲಿ ಕೂತು, ಟವೆಲು ತಲೆಗೆ ಹಾಕಿಕೊಳ್ಳುತ್ತಿದ್ದ. ಹೆಣ ಸಾಗಿಸುವವರ ಹಾಗೆ ನಾವು ಮೂವರು ಹೋಗಿ ಬರುತ್ತಿದ್ದೆವು.

ಒಂದು ಸಂಜೆ ನಾನು ಆಸ್ಪತ್ರೆಯ ಹತ್ತಿರದ ಬಸ್ ನಿಲ್ದಾಣಕ್ಕೇ ಹೋಗಿ ಆ ನರ್ಸಮ್ಮನನ್ನು ಹಿಡಿದೆ. ವ್ಯಾಪಾರಿಗೆ ನಾಚಿಕೆ ಇರಬಾರದು.

"ಈಗ ಒಂದು ನಿಮಿಷ ಆಚೀಚೆ ಇಲ್ಲ ನರ್ಸಮ್ಮ. ನಾನೇ ನಿಂತು ಬಿಡಿಸುತ್ತಿದ್ದೇನೆ. ನೀವು ಬಂದರೆ ನಿಮ್ಮ ಜೊತೆಯವರೂ ಬರುತ್ತಾರೆ."

ಅವರು ಬೇಸರ ಮಾಡಿಕೊಳ್ಳದೆ ಕೇಳಿಸಿಕೊಂಡರು. "ನೀವು ಎಷ್ಟು ದಿನ ನಿಲ್ಲುತ್ತೀರಿ ಚೇಟಾ?"

ಗುತ್ತಿಗೆ ಮುಗಿಯುವವರೆಗೆ ಅಂದೆ.

"ನೋಡಿ," ಅಂದರು. "ಬೋಟು ಬೇಗ. ಆದರೆ ಎಷ್ಟು ಹೊತ್ತಿಗೆ ಅಂತ ಗೊತ್ತಿರಲಿಲ್ಲ. ಬಸ್ಸು ನಿಧಾನ. ಎಷ್ಟು ನಿಧಾನ ಅಂತ ಗೊತ್ತು. ಅದಕ್ಕೆ ತಕ್ಕ ಹಾಗೆ ಬೇಗ ಎದ್ದು ಅಡುಗೆ ಮಾಡುವುದು ಕಲಿತುಬಿಟ್ಟಿದ್ದೇನೆ. ಈಗ ಮತ್ತೆ ಬದಲಾಯಿಸು ಅಂದರೆ ನನಗೆ ಧೈರ್ಯ ಇಲ್ಲ."

ದರ ಇಳಿಸು ಅಂದಿದ್ದರೆ ಇಳಿಸುತ್ತಿದ್ದೆ. ಮಾಲು ಸರಿಯಿಲ್ಲ ಅಂದಿದ್ದರೆ ಬೇರೆ ತೋರಿಸುತ್ತಿದ್ದೆ. ಧೈರ್ಯ ಇಲ್ಲ ಅಂದವರ ಹತ್ತಿರ ಚೌಕಾಸಿ ಮಾಡುವುದು ಹೇಗೆ?

ತಿಂಗಳ ಕೊನೆಗೆ, ಗುತ್ತಿಗೆ ಮುಂದುವರಿಸಬೇಕೋ ಬೇಡವೋ ಅಂತ ಆ ವಾರ್ಡಿನ ಮೆಂಬರು ಆಸ್ಪತ್ರೆ ಕಡೆಯ ದೋಣಿಕಟ್ಟೆಯಲ್ಲೇ ಒಂದು ಸಭೆ ಕರೆದರು. ಕುರ್ಚಿ ಹಾಕಿಸಿದ್ದರು, ಚಹಾ ಬಂತು. ಎಷ್ಟು ಜನ ಬಂದರು ಅಂದರೆ ಆ ಜನರ ಅರ್ಧ ಪಾಲು ದಿನಾ ದೋಣಿ ಹತ್ತಿದ್ದರೆ ಸಾಕಿತ್ತು, ನಾನು ವ್ಯಾಪಾರ ಬಿಟ್ಟು ಅಲ್ಲಿ ನಿಲ್ಲಬೇಕಾಗಿರಲಿಲ್ಲ. ಒಬ್ಬರು ನಿವೃತ್ತ ಮೇಷ್ಟರು ಎದ್ದು, ಹೊಳೆಯೇ ಈ ಊರಿನ ಮೊದಲ ರಸ್ತೆ, ಅದನ್ನು ಬಿಟ್ಟವರಿಗೆ ಉಳಿಗಾಲವಿಲ್ಲ ಅಂದರು. ಚಪ್ಪಾಳೆ ಬಿತ್ತು. ಒಬ್ಬ ತರುಣ ಹೊಗೆ, ಪೆಟ್ರೋಲು, ಹವಾಮಾನ ಅಂತ ಬಹಳ ತಿಳಿವಳಿಕೆಯಿಂದ ಮಾತಾಡಿದ. ಒಬ್ಬ ಹೆಂಗಸು ತನ್ನ ತಾಯಿಯ ತೊಡೆಯ ಮೇಲೆ ಕೂತು ದೋಣಿಯಲ್ಲಿ ಶಾಲೆಗೆ ಹೋದದ್ದನ್ನು ಹೇಳಿ ಕಣ್ಣೊರೆಸಿಕೊಂಡರು. ದೋಣಿ ಬೇಡ ಅಂದವರು ಒಬ್ಬರೂ ಇಲ್ಲ. ಬಾಮೈದನ ಮುಖಕ್ಕೆ ಬಹಳ ದಿನದ ಮೇಲೆ ಕಳೆ ಬಂದಿತ್ತು. ಮೊಣಕೈಯಿಂದ ನನ್ನನ್ನು ತಿವಿದ.

"ಬಾವ, ಕಂಡ್ರಾ? ಜನಕ್ಕೆ ಬೇಕಾಗದೆ."

ನಾನು ಎದ್ದು ನಿಂತು, ಸಂತೆಯಲ್ಲಿ ಕಲಿತ ನನ್ನ ಹರುಕು ಮಲಯಾಳದಲ್ಲಿ ಕೇಳಿದೆ: "ನಾಳೆ ಬೆಳಿಗ್ಗೆ ಎಂಟೂವರೆ ದೋಣಿಗೆ ನಿಮ್ಮಲ್ಲಿ ಯಾರು ಯಾರು ಬರುತ್ತೀರಿ?"

ಮೇಷ್ಟರಿಗೆ ಮಂಡಿ ನೋವು, ಮೆಟ್ಟಿಲು ಇಳಿಯಲಾಗದು. ತರುಣನಿಗೆ ಮಗಳನ್ನು ಶಾಲೆಗೆ ಬಿಟ್ಟು ಅಲ್ಲಿಂದ ಕೆಲಸಕ್ಕೆ ಹೋಗಬೇಕು, ಬೈಕೇ ಆಗಬೇಕು. ಆ ಹೆಂಗಸು ಈಗ ಕೆಲಸಕ್ಕೆ ಹೋಗುವುದಿಲ್ಲ. ಇನ್ನೊಬ್ಬರ ಆಫೀಸು ದೋಣಿಕಟ್ಟೆಯಿಂದ ದೂರ. ಯಾರೂ ಸುಳ್ಳು ಹೇಳಲಿಲ್ಲ. ನನಗೆ ತಡೆಯಲಾಗದೆ ಹೋದದ್ದು ಅದೇ. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು.

ಮೆಂಬರು ಒಂದು ದಾರಿ ಕಂಡರು. ದೋಣಿಯನ್ನು ನಿಲ್ಲಿಸುವುದು ಬೇಡ. ದಿನಾ ದಾಟಿಸುವುದನ್ನು ಬಿಟ್ಟು, ಬಣ್ಣ ಹೊಡೆಸಿ, ದೀಪದ ಸರ ಹಾಕಿ, ಭಾನುವಾರ ಸಂಜೆ ಜನರನ್ನು ಹೊಳೆಯ ಮೇಲೆ ಸುತ್ತಾಡಿಸುವುದು. ಚಹಾ, ಬಾಳೆಕಾಯಿ ಚಿಪ್ಸು. ಎಲ್ಲರ ಮುಖ ಅರಳಿತು. ನನ್ನ ವ್ಯಾಪಾರಿ ಗೆಳೆಯನೂ ಹೂಂ ಅಂದ, ಅವನು ಬದುಕಬೇಕಲ್ಲ. ಬಾಮೈದನನ್ನು ಕರೆದು, ನೀನೇ ಇರು, ಜನಕ್ಕೆ ನಿನ್ನ ಗುರುತಿದೆ ಅಂದರು.

ಅವನು ಕನ್ನಡದಲ್ಲೇ ಹೇಳಿದ, ಯಾರಿಗೆ ಅರ್ಥವಾಗುತ್ತದೆ ಅಂತ ನೋಡಲಿಲ್ಲ.

"ಎಲ್ಲಿಗಾದ್ರೂ ಓಗೋರ್ನ ಕರ್ಕಂಡೋಗಿ ಗೊತ್ತು ನಂಗೆ. ಸುಮ್ಕೆ ಸುತ್ತೋರ್ನ ಸುತ್ತಿಸಿ ಗೊತ್ತಿಲ್ಲ."

ಮುದುಕ ಡ್ರೈವರು ಬಂದು ಅವನ ಭುಜದ ಮೇಲೆ ಕೈ ಇಟ್ಟು, ಹೋಗಿ ದೋಣಿಯಲ್ಲಿ ಕೂತ.

ಹೊಳೆ ಇರುವ ಊರಿಗೆ ದೋಣಿ ಲಾಭವೋ ನಷ್ಟವೋ ಅಂತ ಕೇಳುವವರು ಈಗಲೂ ಸಿಗುತ್ತಾರೆ, ನಾನು ಆ ಕೆಲಸ ಮಾಡಿದವನು ಅಂತ. ಮೊದಲಾಗಿದ್ದರೆ ಕೂರಿಸಿ ಹೇಳುತ್ತಿದ್ದೆ. ಈಗ ಇಷ್ಟೇ ಹೇಳುತ್ತೇನೆ: ಒಂದು ವರ್ಷವಿಡೀ ಖಾಲಿ ದೋಣಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ ಶಕ್ತಿ ಇದ್ದವನು ಮಾಡಲಿ. ಆ ಶಕ್ತಿ ಬಾಮೈದನಂಥವನಿಗೆ ಇಲ್ಲ, ನನಗೂ ಇಲ್ಲ. ಇರುವವರಿಗೆ ದೋಣಿಯೇ ಬೇಕಿರುವುದಿಲ್ಲ, ಅವರು ಕಾರಿನ ಗಾಜು ಏರಿಸಿ ಸೇತುವೆಯ ಮೇಲೆ ಕೂತಿರುತ್ತಾರೆ. ಇದನ್ನು ಕೇಳಿ ಎದ್ದು ಹೋಗುವವರೇ ಹೆಚ್ಚು.

ಸಭೆ ಮುಗಿದ ಮೇಲೆ ನಾವಿಬ್ಬರೂ ಅವನ ಬಟ್ಟೆಯ ಚೀಲ ಹಿಡಿದು ಹೊರಟೆವು. ನನ್ನ ಲಾರಿ ಆಚೆ ದಡದ ಮಾರುಕಟ್ಟೆಯಲ್ಲಿ ನಿಂತಿತ್ತು. ದೋಣಿಯಲ್ಲಿ ಆಚೆಗೆ ಬಿಡುವೆನೆಂದು ಡ್ರೈವರು ಸನ್ನೆ ಮಾಡಿದ. ಬಾಮೈದ ಬೇಡವೆಂದ. ಸೇತುವೆಯ ಮೇಲೆ ನಡೆದೇ ಹೋದೆವು. ಸಂಜೆ ಆಫೀಸು ಬಿಡುವ ಹೊತ್ತು, ಗಾಡಿಗಳು ಒಂದೂ ಅಲ್ಲಾಡುತ್ತಿರಲಿಲ್ಲ. ಹಾರ್ನಿನ ಸದ್ದಿಗೆ ಮಾತಾಡುವ ಹಾಗಿರಲಿಲ್ಲ.

ನಡು ಸೇತುವೆಯಲ್ಲಿ ಒಂದು ಬಸ್ಸಿನ ಕಿಟಕಿಯಿಂದ ಯಾರೋ ಕರೆದರು. ನರ್ಸಮ್ಮ. ಮನೆ ಕಡೆಗೆ ಹೊರಟವರು, ಎಷ್ಟು ಹೊತ್ತಿನಿಂದ ಅಲ್ಲಿ ಸಿಕ್ಕಿಕೊಂಡಿದ್ದರೋ, ಮುಖ ಬಾಡಿಹೋಗಿತ್ತು. ಮಡಿಲಲ್ಲಿ ತರಕಾರಿಯ ಚೀಲ. ಕಿಟಕಿಯ ಸರಳು ಹಿಡಿದು, ಬಾಮೈದನನ್ನು ನೋಡಿ ಕೇಳಿದರು:

"ನಾಳೆ ಬೋಟು ಇದೆಯಾ?"

ಬರುತ್ತೇನೆ ಅನ್ನುವ ದನಿ ಅದಲ್ಲ. ನಾಳೆ ಮಳೆ ಬರುತ್ತದಾ ಅಂತ ಕೇಳಿದ ಹಾಗಿತ್ತು.

"ಇಲ್ಲ ಸಿಸ್ಟರ್," ಅಂದ ಅವನು. "ನಿಂತೋಯ್ತು."

ಅಯ್ಯೋ ಅಂದರು ಅವರು, ನಿಜವಾಗಿ ನೊಂದುಕೊಂಡೇ ಅಂದರು. ಬಸ್ಸು ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ನಡೆದು ಹೋಗುತ್ತಿದ್ದ ನಾವು ಅದನ್ನು ದಾಟಿ ಮುಂದೆ ಹೋದೆವು.